ಒಂದೇ ಮಾತು, ದಿನಕ್ಕೆ ಎರಡು ಹೊತ್ತು: ಕ್ರೈಸ್ತ ಪ್ರಾರ್ಥನೆಯಲ್ಲಿ ಸ್ವಂತದ ಮಂತ್ರ

ದಾವಣಗೆರೆಯಲ್ಲಿ ಮಂತ್ರ ಎಂದರೆ ಯಾರಿಗೂ ವಿವರಿಸಿ ಹೇಳಬೇಕಿಲ್ಲ. ಪಕ್ಕದ ಮನೆಯ ಅಜ್ಜಿ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪಂಚಾಕ್ಷರಿ ಜಪಿಸುತ್ತಾರೆ. ಎದುರು ಮನೆಯಲ್ಲಿ ತಸ್ಬಿಯ ಮಣಿ ಹೊರಳುತ್ತದೆ. ಕಥೋಲಿಕರ ಮನೆಯಲ್ಲಿ ಸಂಜೆಗೆ ಜಪಸರ. ಆದರೂ 'ನಿಮ್ಮದೇ ಒಂದು ಮಂತ್ರವನ್ನು ಹಿಡಿದು ಧ್ಯಾನಕ್ಕೆ ಕುಳಿತುಕೊಳ್ಳಿ' ಎಂದರೆ ನಮ್ಮ ಕ್ರೈಸ್ತ ಜನರಲ್ಲಿ ಅರ್ಧದಷ್ಟು ಮಂದಿ ಹುಬ್ಬು ಗಂಟಿಕ್ಕುತ್ತಾರೆ. ಉಳಿದರ್ಧ ಮಂದಿ ಮಾರನೆಯ ದಿನವೇ ಉತ್ಸಾಹದಿಂದ ಆರಂಭಿಸಿ, ವಾರ ಕಳೆಯುವುದರೊಳಗೆ ಮಂತ್ರ ಬದಲಾಯಿಸಿ, ಮುಂದಿನ ವಾರ ಬಿಟ್ಟುಬಿಡುತ್ತಾರೆ. ಮೊದಲನೆಯವರ ಅನುಮಾನಕ್ಕೆ ಉತ್ತರ ಬೇಗ ಕೊಡಬಹುದು. ಎರಡನೆಯವರಿಗೆ ಹೇಳಬೇಕಾದದ್ದೇ ಹೆಚ್ಚಿದೆ.

ಇದು ನಮ್ಮದೇ?

ನಾಲ್ಕನೆಯ ಶತಮಾನದ ಕೊನೆಗೆ ಜಾನ್ ಕ್ಯಾಸಿಯನ್ ಎಂಬ ಯುವ ಸನ್ಯಾಸಿ ಗೆಳೆಯ ಜರ್ಮಾನಸ್‌ನೊಡನೆ ಈಜಿಪ್ಟಿನ ಮರುಭೂಮಿಗೆ ಹೋಗಿ ಅಲ್ಲಿನ ಹಿರಿಯ ತಪಸ್ವಿಗಳನ್ನು ಪ್ರಶ್ನೆ ಕೇಳುತ್ತಾ ಅಲೆದ. ಎಡೆಬಿಡದೆ ಪ್ರಾರ್ಥಿಸುವುದು ಹೇಗೆ ಎಂಬ ಪ್ರಶ್ನೆಗೆ ಅಬ್ಬಾ ಐಸಾಕ್ ಎಂಬ ಹಿರಿಯರು ಒಂದೇ ಒಂದು ಸಾಲನ್ನು ಕೊಟ್ಟರು. ಅದು ಬೈಬಲ್ಲಿನ 70ನೆಯ ಕೀರ್ತನೆಯ ಮೊದಲ ಮಾತು: ದೇವರೇ, ನನ್ನ ನೆರವಿಗೆ ಬಾ, ಪ್ರಭುವೇ, ನನಗೆ ಸಹಾಯ ಮಾಡಲು ತ್ವರೆಪಡು. ಉಣ್ಣುವಾಗ, ನಡೆಯುವಾಗ, ನಿದ್ದೆ ಬಾರದಿದ್ದಾಗ, ಸಿಟ್ಟು ನೆತ್ತಿಗೇರಿದಾಗ, ಎಲ್ಲದಕ್ಕೂ ಇದೊಂದೇ ಸಾಲು ಸಾಕು ಎಂಬುದು ಅವರ ಉಪದೇಶ. ಕ್ಯಾಸಿಯನ್ ಇದನ್ನು ತನ್ನ 'ಸಂವಾದಗಳು' ಎಂಬ ಗ್ರಂಥದ ಹತ್ತನೆಯ ಭಾಗದಲ್ಲಿ ಬರೆದಿಟ್ಟ. ಮಠಗಳಲ್ಲಿ ಹೊತ್ತುಹೊತ್ತಿಗೆ ಹೇಳುವ ಪ್ರಾರ್ಥನೆಗಳು ಇಂದಿಗೂ ಆ ಸಾಲಿನಿಂದಲೇ ಆರಂಭವಾಗುತ್ತವೆ.

ಪೂರ್ವದ ಸಭೆಗಳು, ಅಂದರೆ ಗ್ರೀಸ್, ರಷ್ಯಾ ಕಡೆಯ ಆರ್ಥೊಡಾಕ್ಸ್ ಕ್ರೈಸ್ತರು, ಯೇಸುವಿನ ಹೆಸರನ್ನೇ ಹಿಡಿದವು. 'ಪ್ರಭು ಯೇಸು ಕ್ರಿಸ್ತರೇ, ದೇವರ ಪುತ್ರರೇ, ಪಾಪಿಯಾದ ನನ್ನ ಮೇಲೆ ಕರುಣೆಯಿಡಿ' ಎಂಬ ಯೇಸು ಪ್ರಾರ್ಥನೆ ಗ್ರೀಸಿನ ಆಥೋಸ್ ಪರ್ವತದ ಮಠಗಳಿಂದ ರಷ್ಯಾದ ಹಳ್ಳಿಗಳವರೆಗೆ ಹಬ್ಬಿತು. ನಮ್ಮ ಕಾಲಕ್ಕೆ ಈ ಪದ್ಧತಿಯನ್ನು ಮರಳಿ ಜನಸಾಮಾನ್ಯರ ಮನೆಗೆ ತಂದವರು ಜಾನ್ ಮೈನ್ (1926–1982). ಅವರ ಕಥೆಯಲ್ಲಿ ನಮಗೆ ಬೇಕಾದ ಒಂದು ತಿರುವಿದೆ. ಬ್ರಿಟಿಷ್ ಸರ್ಕಾರದ ನೌಕರಿಯಲ್ಲಿ ಮಲಯಕ್ಕೆ (ಇಂದಿನ ಮಲೇಷ್ಯಾಕ್ಕೆ) ಹೋಗಿದ್ದಾಗ ಕೌಲಾಲಂಪುರದಲ್ಲಿ ಸ್ವಾಮಿ ಸತ್ಯಾನಂದ ಎಂಬ ಹಿಂದೂ ಸನ್ಯಾಸಿಯಿಂದ ಅವರು ಧ್ಯಾನ ಕಲಿತರು. ಆ ಸ್ವಾಮಿ ತಮ್ಮ ಮಂತ್ರವನ್ನು ಕೊಡಲಿಲ್ಲ. 'ನೀವು ಕ್ರೈಸ್ತರು, ಕ್ರೈಸ್ತ ಮಾತನ್ನೇ ಹಿಡಿಯಿರಿ' ಎಂದರು. ಮುಂದೆ ಮೈನ್ ಸಂತ ಬೆನೆಡಿಕ್ಟರ ನಿಯಮ ಪಾಲಿಸುವ ಬೆನೆಡಿಕ್ಟಿನ್ ಸನ್ಯಾಸಿಯಾದಾಗ ಮಠದ ಹಿರಿಯರು ಆ ಅಭ್ಯಾಸವನ್ನೇ ಬಿಡಲು ಹೇಳಿದರು, ಅವರು ಬಿಟ್ಟರು. ಎಷ್ಟೋ ವರ್ಷಗಳ ನಂತರ ಕ್ಯಾಸಿಯನ್‌ನ ಪುಟಗಳಲ್ಲಿ ಅದೇ ಪದ್ಧತಿ ಕಣ್ಣಿಗೆ ಬಿತ್ತು. 1975ರಲ್ಲಿ ಲಂಡನ್ನಿನ ಈಲಿಂಗ್ ಮಠದಲ್ಲಿ ಸಾಮಾನ್ಯ ಜನರಿಗೆ ಕಲಿಸಲು ಆರಂಭಿಸಿದರು.

ಅನುಮಾನವುಳ್ಳವರು ಸಾಮಾನ್ಯವಾಗಿ ಎತ್ತುವುದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯವನ್ನು: ಹೇಳಿದ್ದನ್ನೇ ಬರಿದೆ ಹೇಳಬೇಡಿ, ಬಹಳ ಮಾತನಾಡಿದರೆ ದೇವರು ಕೇಳುತ್ತಾನೆಂದು ಎಣಿಸಬೇಡಿ. ಸರಿಯಾದ ಎಚ್ಚರಿಕೆಯೇ. ಆದರೆ ಅದೇ ಸುವಾರ್ತೆಯ 26ನೆಯ ಅಧ್ಯಾಯದಲ್ಲಿ, ಗೆತ್ಸೆಮನೆ ತೋಟದಲ್ಲಿ, ಯೇಸು ಮೂರನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದರೆಂದು ಇದೆ. 136ನೆಯ ಕೀರ್ತನೆಯಲ್ಲಿ 26 ವಚನಗಳಿಗೂ ಒಂದೇ ಪಲ್ಲವಿ. ಜೆರಿಕೋ ಊರಿನ ಕುರುಡ ಬಾರ್ತಿಮಾಯನನ್ನು ಸುಮ್ಮನಿರು ಎಂದು ಜನ ಗದರಿದಾಗ ಅವನು ಅದೇ ಕೂಗನ್ನು ಇನ್ನೂ ಜೋರಾಗಿ ಕೂಗಿದ. ಯೇಸು ತಡೆದದ್ದು ಮಾತಿನ ರಾಶಿ ಹಾಕಿ ದೇವರನ್ನು ಮಣಿಸುವ ಲೆಕ್ಕಾಚಾರವನ್ನು. ಒಂದೇ ಮಾತಿಗೆ ಇಳಿಯುವವನಿಗೆ ಮಣಿಸಲು ಮಾತೇ ಉಳಿದಿರುವುದಿಲ್ಲ.

ಕಥೋಲಿಕ ಸಭೆಯ ಧರ್ಮೋಪದೇಶ ಗ್ರಂಥವು 2668ನೆಯ ಪರಿಚ್ಛೇದದಲ್ಲಿ, ಯೇಸುವಿನ ನಾಮವನ್ನು ಕರೆಯುವುದು ಎಡೆಬಿಡದ ಪ್ರಾರ್ಥನೆಗೆ ಅತ್ಯಂತ ಸರಳ ದಾರಿ ಎನ್ನುತ್ತದೆ. 1989ರಲ್ಲಿ ಧ್ಯಾನದ ಬಗ್ಗೆ ವ್ಯಾಟಿಕನ್ ಹೊರಡಿಸಿದ ಪತ್ರವು, ಕ್ರೈಸ್ತ ಪ್ರಾರ್ಥನೆಯ ತಿರುಳು ಮಸುಕಾಗದಿದ್ದರೆ ಬೇರೆ ಧರ್ಮಗಳ ವಿಧಾನಗಳಲ್ಲಿ ಉಪಯುಕ್ತವಾದದ್ದನ್ನು ಸ್ವೀಕರಿಸಬಹುದು ಎನ್ನುತ್ತದೆ. ಉಸಿರು ಮತ್ತು ಭಂಗಿಯನ್ನೇ ಗುರಿಯಾಗಿ ಹಿಡಿಯುವ ಅಪಾಯವನ್ನೂ ಹೇಳುತ್ತದೆ. ಎರಡನ್ನೂ ನೆನಪಿಡಬೇಕು.

ಇದರ ಜೊತೆಗೆ ನನ್ನದೊಂದು ಅಭಿಪ್ರಾಯ. ನೆರೆಯವರ ಪಂಚಾಕ್ಷರಿಯನ್ನು ಮನಸ್ಸು ನಿಲ್ಲಿಸುವ ಉಪಾಯವೆಂದು ಎರವಲು ತರಬಾರದು. ಅವರಿಗೆ ಅದು ಗುರು ದೀಕ್ಷೆಯಲ್ಲಿ ಕೊಟ್ಟದ್ದು, ಅವರ ಬದುಕಿನೊಳಗೆ ಅದಕ್ಕೆ ಸ್ಥಾನವಿದೆ. ನಮ್ಮಲ್ಲಿ ಜ್ಞಾನಸ್ನಾನವೇ ಸಾಕು. ಈ ಪ್ರಾರ್ಥನೆಗೆ ಬೇರೆ ದೀಕ್ಷೆಯಿಲ್ಲ, ಗುಟ್ಟಿನ ಉಪದೇಶವೂ ಇಲ್ಲ. ಹಾಗಾಗಿ ಮಂತ್ರ ಕೊಡುತ್ತೇನೆಂದು ಯಾರಾದರೂ ಹಣ ಕೇಳಿದರೆ ಎದ್ದು ಬನ್ನಿ.

ಮೊದಲ ಹೆಜ್ಜೆ: ಮಾತನ್ನು ಆರಿಸುವುದು

ಇಲ್ಲಿ ಅವಸರ ಬೇಡ. ಒಂದು ವಾರ ಏನನ್ನೂ ಆರಂಭಿಸದೆ ನಿಮ್ಮನ್ನು ನೀವೇ ಗಮನಿಸಿ. ಮಗುವಿಗೆ ಜ್ವರ ಏರಿದಾಗ, ಬ್ಯಾಂಕಿನಿಂದ ನೋಟಿಸ್ ಬಂದಾಗ, ರಸ್ತೆಯಲ್ಲಿ ಲಾರಿ ಎದುರಿಗೇ ಬಂದಾಗ ಬಾಯಿಂದ ತಾನಾಗಿ ಹೊರಡುವ ಮಾತು ಯಾವುದು? 'ಯೇಸಪ್ಪಾ' ಎಂದೋ 'ಸ್ವಾಮಿ' ಎಂದೋ 'ಕರ್ತನೇ' ಎಂದೋ ಬರಬಹುದು. ನಿಮ್ಮ ಮಂತ್ರ ಆ ಮಾತಿಗೆ ಸಮೀಪವಾಗಿರಲಿ. ಪುಸ್ತಕದಲ್ಲಿ ಓದಿದ ಸುಂದರ ಪದಕ್ಕಿಂತ ಕಷ್ಟದಲ್ಲಿ ಬಾಯಿಗೆ ಬರುವ ಪದ ಬೇಗ ಎದೆಗೆ ಇಳಿಯುತ್ತದೆ.

ಕನ್ನಡದಲ್ಲಿ ಪ್ರಾರ್ಥಿಸುವವರಿಗೆ ಒಗ್ಗುವ ಕೆಲವು ಮಾತುಗಳನ್ನು ಹೇಳುತ್ತೇನೆ.

'ಅಪ್ಪಾ, ತಂದೆಯೇ.' ಸಂತ ಪೌಲ ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಇದು ಪವಿತ್ರಾತ್ಮನು ನಮ್ಮೊಳಗಿನಿಂದ ಕೂಗಿಸುವ ಕೂಗು. 'ಅಪ್ಪಾ' ಎನ್ನುತ್ತಾ ಉಸಿರು ಒಳಕ್ಕೆ, 'ತಂದೆಯೇ' ಎನ್ನುತ್ತಾ ಹೊರಕ್ಕೆ. ಮಕ್ಕಳಿಗೂ ಕಲಿಸಬಹುದಾದ ಮಂತ್ರ. ಆದರೆ ಕುಡಿದು ಬಂದು ಹೊಡೆಯುತ್ತಿದ್ದ ತಂದೆಯ ನೆನಪಿರುವವರಿಗೆ ಇದೇ ಮಾತು ಮುಳ್ಳಾಗುತ್ತದೆ. ಅಂಥವರು ಇದನ್ನು ಬಲವಂತವಾಗಿ ಹಿಡಿಯಬೇಕಾಗಿಲ್ಲ.

'ಪ್ರಭುವೇ, ದಯೆತೋರಿ.' ಕಥೋಲಿಕರ ಬಲಿಪೂಜೆಗೆ (ಮಾಸ್‌ಗೆ) ಹೋಗುವವರ ನಾಲಿಗೆಯ ಮೇಲೆ ಈಗಾಗಲೇ ಇರುವ ಮಾತು. ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ. ಪ್ರೊಟೆಸ್ಟೆಂಟ್ ಸಭೆಗಳವರಿಗೆ 'ಕರ್ತನೇ, ಕರುಣಿಸು' ಹೆಚ್ಚು ಹತ್ತಿರವಾದೀತು.

'ಯೆಹೋವನು ನನಗೆ ಕುರುಬನು.' 23ನೆಯ ಕೀರ್ತನೆಯ ಮೊದಲ ಮಾತು. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಹುಟ್ಟಿದವರಿಗೆ ಇದಕ್ಕೆ ವ್ಯಾಖ್ಯಾನ ಬೇಡ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು, ಬಿಸಿಲಲ್ಲಿ ಮಂದೆಯ ಹಿಂದೆ ನಡೆಯುವ ಮನುಷ್ಯನನ್ನು ಅವರು ಕಣ್ಣಾರೆ ಕಂಡಿದ್ದಾರೆ. ನೀರಿಲ್ಲದ ವರ್ಷ ಆತ ಮಂದೆಯನ್ನು ಎಷ್ಟು ದೂರ ಹೊಡೆದುಕೊಂಡು ಹೋಗುತ್ತಾನೆ ಎಂಬುದೂ ಗೊತ್ತು. ಸ್ವಲ್ಪ ಉದ್ದದ ಮಂತ್ರ. ಒಳಕ್ಕೆ 'ಯೆಹೋವನು', ಹೊರಕ್ಕೆ 'ನನಗೆ ಕುರುಬನು' ಎಂದು ಎರಡಾಗಿ ಒಡೆದುಕೊಳ್ಳಿ.

'ಮಾರನಾಥಾ.' ಜಾನ್ ಮೈನ್ ಕಲಿಸಿದ್ದು ಇದನ್ನೇ. ಆದಿ ಕ್ರೈಸ್ತರ ಅರಮಾಯಿಕ್ ಭಾಷೆಯ ಪ್ರಾರ್ಥನೆ, ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ ಬರುತ್ತದೆ. ನಮ್ಮ ಪ್ರಭುವೇ ಬಾ ಎಂದು ಅರ್ಥ. ಮಾ–ರ–ನಾ–ಥಾ ಎಂದು ನಾಲ್ಕು ಅಕ್ಷರಗಳಿಗೂ ಸಮನಾದ ಕಾಲ ಕೊಟ್ಟು ಹೇಳಬೇಕು. ದಿನಬಳಕೆಯ ಮಾತಲ್ಲವಾದ್ದರಿಂದ ಅದರ ಬೆನ್ನಿಗೆ ಯೋಚನೆಗಳು ಅಂಟಿಕೊಂಡು ಬರುವುದಿಲ್ಲ. ವಿಚಾರ ಹೆಚ್ಚು ಮಾಡುವ ಸ್ವಭಾವದವರಿಗೆ, ಮೇಷ್ಟರು, ವಕೀಲರು, ನನ್ನಂಥ ವಾಚಾಳಿಗಳಿಗೆ, ಇದು ಒಳ್ಳೆಯದು.

ಇನ್ನು ಬರಿಯ 'ಯೇಸುವೇ.' ಇದಕ್ಕಿಂತ ಚಿಕ್ಕದು ಬೇಕಿಲ್ಲ.

ಬಹುವಚನವೋ ಏಕವಚನವೋ ಎಂಬ ಜಗಳವೂ ನಮ್ಮಲ್ಲಿದೆ. ಕಥೋಲಿಕರು ಯೇಸುಸ್ವಾಮಿಯವರು, ನೀವು, ಕರುಣೆಯಿಡಿ ಎನ್ನುತ್ತಾರೆ. ಸತ್ಯವೇದ ಓದಿ ಬೆಳೆದ ಪ್ರೊಟೆಸ್ಟೆಂಟರು ನೀನು, ಕರುಣಿಸು ಎನ್ನುತ್ತಾರೆ. ಸಭೆಯಲ್ಲಿ ಸಭೆಯ ರೂಢಿಯಂತೆ ನಡೆಯಿರಿ. ಬಾಗಿಲು ಮುಚ್ಚಿದ ಮೇಲೆ ನಿಮಗೆ ಸಹಜವಾದದ್ದನ್ನು ಬಳಸಿ. ವಚನಕಾರರು ಕೂಡಲಸಂಗಮನನ್ನು ಬಹುವಚನದಲ್ಲಿ ಕರೆಯಲಿಲ್ಲ, ಅದರಿಂದ ಅವರ ಭಕ್ತಿಗೆ ಕೊರತೆಯೂ ಆಗಲಿಲ್ಲ.

ಆರಿಸಿದ ಮಾತನ್ನು ಒಂದು ಚೀಟಿಯಲ್ಲಿ ಬರೆದು ಬೈಬಲ್ಲಿನಲ್ಲಿ ಇಡಿ. ನಂಬಿಕೆಯ ಗುರುಗಳೋ ಧರ್ಮಭಗಿನಿಯೋ ಪಾಸ್ಟರೋ ಇದ್ದರೆ ಒಮ್ಮೆ ಹೇಳಿ ಆಶೀರ್ವಾದ ಕೇಳಿ. ಆಮೇಲೆ ಬದಲಾಯಿಸಬೇಡಿ. ಈ ಇಡೀ ಅಭ್ಯಾಸದಲ್ಲಿ ಕಷ್ಟದ ಭಾಗ ಇದೇ. ಕೂರುವುದನ್ನು ಎಲ್ಲರೂ ಕಲಿಯುತ್ತಾರೆ. ಒಂದೇ ಮಾತಿನೊಡನೆ ಬಾಳುವುದನ್ನು ಕೆಲವರೇ ಕಲಿಯುತ್ತಾರೆ. ಮೂರನೆಯ ವಾರಕ್ಕೆ ನಿಮ್ಮ ಮಂತ್ರ ಸಪ್ಪೆ ಎನಿಸಿ ಬೇರೊಂದು ಮಿನುಗತೊಡಗುತ್ತದೆ. ಆ ಹೊಸದಕ್ಕೂ ಮೂರು ವಾರದ ಆಯುಸ್ಸು. ಮೊದಲ ಒಂದು ವರ್ಷವಾದರೂ ಹಿಡಿದದ್ದನ್ನು ಬಿಡುವುದಿಲ್ಲವೆಂದು ನಿಶ್ಚಯಿಸಿ.

ಎರಡನೆಯ ಹೆಜ್ಜೆ: ಹೊತ್ತು ಮತ್ತು ಜಾಗ

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಜಾನ್ ಮೈನ್ ಹೇಳಿದ್ದು ಪ್ರತಿ ಸಲ 20ರಿಂದ 30 ನಿಮಿಷ. ಹೊಸಬರು 10 ನಿಮಿಷದಿಂದ ಆರಂಭಿಸಿ ತಿಂಗಳಿಗೆ ಸ್ವಲ್ಪ ಸ್ವಲ್ಪ ಹೆಚ್ಚಿಸಿದರೆ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು ಗೊತ್ತೇ ಇದೆ. ಸೂರ್ಯ ಹುಟ್ಟುವ ಮೊದಲೇ ಮುಗಿಸಿ. ಸಂಜೆಯದನ್ನು ಊಟಕ್ಕೆ ಮೊದಲು ಇಟ್ಟುಕೊಳ್ಳಿ. ಬೆಣ್ಣೆ ದೋಸೆ ತಿಂದು ಕುಳಿತರೆ ಅದು ಧ್ಯಾನವಾಗುವುದಿಲ್ಲ.

ಪ್ರತ್ಯೇಕ ಕೋಣೆ ಬೇಕೆಂದು ಕಾಯಬೇಡಿ. ಒಂದು ಮೂಲೆ, ಒಂದು ಶಿಲುಬೆ, ಒಂದು ಚಾಪೆ ಅಥವಾ ಕುರ್ಚಿ. ಮನೆಯವರಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಗ್ಯಾಸ್ ಸಿಲಿಂಡರಿನವನು ಬಂದ ಸುದ್ದಿಯನ್ನು ನಿಮ್ಮ ಕಿವಿಯಲ್ಲೇ ಹೇಳುತ್ತಾರೆ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ ಮೆಲುದನಿಯ ಅಲಾರಂ ಇಡಿ. ಹರಿಹರದ ಆರೋಗ್ಯಮಾತೆಯ ಬಸಿಲಿಕಾದಲ್ಲಿ ವಾರದ ದಿನಗಳಲ್ಲಿ ಸದ್ದು ಕಡಿಮೆ, ಅಲ್ಲಿಗೆ ಹೋಗಿ ಕೂರಬಹುದು. ಸೆಪ್ಟೆಂಬರ್ 8ರ ಹಬ್ಬದ ಆಸುಪಾಸಿನಲ್ಲಿ ಮಾತ್ರ ಆ ಆಸೆ ಬೇಡ. ಚಿತ್ರದುರ್ಗದವರು ಕೋಟೆಯ ಬಂಡೆಯ ಮೇಲೆ ಕೂರುವ ಕನಸು ಕಂಡರೆ, ಕೋತಿಗಳು ನಿಮ್ಮ ಚೀಲದ ಬಗ್ಗೆ ಬೇರೆ ಯೋಚನೆ ಇಟ್ಟುಕೊಂಡಿರುತ್ತವೆ ಎಂಬುದನ್ನು ಮರೆಯಬೇಡಿ.

ಮೂರನೆಯ ಹೆಜ್ಜೆ: ಕೂರುವುದು, ಹೇಳುವುದು

ಬೆನ್ನು ನೆಟ್ಟಗಿರಲಿ, ಭುಜ ಸಡಿಲವಿರಲಿ, ಕಣ್ಣು ಮುಚ್ಚಿ. ಮಂಡಿನೋವಿದ್ದರೆ ಕುರ್ಚಿಯೇ ಸರಿ. ಭಂಗಿಯ ಬಗ್ಗೆ ಇಷ್ಟು ಸಾಕು.

ಶಿಲುಬೆಯ ಗುರುತು ಹಾಕಿ, ಅಥವಾ ನಿಮ್ಮ ಪದ್ಧತಿಯಂತೆ ಒಂದು ಸಣ್ಣ ಪ್ರಾರ್ಥನೆ ಹೇಳಿ. 'ಪ್ರಭುವೇ, ಈ ಹೊತ್ತು ನಿಮ್ಮದು' ಎಂಬಷ್ಟು ಸಾಕು. ಬೇಡಿಕೆಗಳ ಪಟ್ಟಿಯನ್ನು ಇಲ್ಲಿ ಓದಬೇಡಿ, ಅದಕ್ಕೆ ಬೇರೆ ಹೊತ್ತಿದೆ. ಒಂದು ಸುವಾರ್ತಾ ವಚನವನ್ನು ನಿಧಾನವಾಗಿ ಓದಿ ಪುಸ್ತಕ ಮುಚ್ಚಿ. ಈಗ ಮಂತ್ರವನ್ನು ಮನಸ್ಸಿನಲ್ಲೇ ಹೇಳತೊಡಗಿ. ಮೊದಲ ಕೆಲವು ದಿನ ತುಟಿಯಲ್ಲಿ ಪಿಸುಗುಟ್ಟಿದರೂ ತಪ್ಪಿಲ್ಲ.

ಹೇಳುತ್ತಾ ಅದರ ಅರ್ಥವನ್ನು ಬಿಡಿಸಲು ಹೋಗಬೇಡಿ. ಕುರುಬನೆಂದರೆ ಏನು, ಕರುಣೆ ಎಷ್ಟು ಬಗೆ ಎಂಬ ಚಿಂತನೆ ಒಳ್ಳೆಯದೇ, ಆದರೆ ಅದು ಬೈಬಲ್ ಅಧ್ಯಯನದ ಕೆಲಸ. ಇಲ್ಲಿ ಕರೆಯುವುದಷ್ಟೇ ಕೆಲಸ. ಕರೆಯುತ್ತಿರುವುದು ಒಬ್ಬರನ್ನು ಎಂಬ ಅರಿವು ಹಿಂದೆ ಇದ್ದರೆ ಸಾಕು. ಆ ಅರಿವು ಹೋದರೆ ಉಳಿಯುವುದು ಮನಸ್ಸನ್ನು ಸಡಿಲಗೊಳಿಸುವ ವ್ಯಾಯಾಮ. ಅದರಿಂದಲೂ ಆರಾಮ ಸಿಗಬಹುದು. ಪ್ರಾರ್ಥನೆ ಎಂದು ಅದನ್ನು ಕರೆಯಲಾರೆ.

ಉಸಿರು ತಾನಾಗಿ ಹೇಗೆ ಓಡುತ್ತದೋ ಹಾಗೆ ಓಡಲಿ. ಮಂತ್ರ ಅದರ ಜೊತೆ ಹೊಂದಿಕೊಳ್ಳುತ್ತದೆ. ಉಸಿರು ಬಿಗಿಹಿಡಿಯುವುದು, ಎದೆಬಡಿತಕ್ಕೆ ತಾಳೆ ಹಾಕುವುದು ಮುಂತಾದವನ್ನು ಪೂರ್ವದ ಸಭೆಯ ಹಿರಿಯರೂ ಮಾರ್ಗದರ್ಶಕರಿಲ್ಲದೆ ಮಾಡಬೇಡಿ ಎಂದೇ ಹೇಳುತ್ತಾರೆ. ಎಣಿಕೆಯೂ ಬೇಕಿಲ್ಲ. ಕೈಗೆ ಕೆಲಸ ಬೇಕೆನಿಸಿದರೆ ಜಪಸರ ಹಿಡಿದು ಒಂದೊಂದು ಮಣಿಗೆ ಒಂದೊಂದು ಸಲ ಹೇಳಿ.

ಒಂದು ತಾಂತ್ರಿಕ ಗೊಂದಲವನ್ನು ಇಲ್ಲೇ ಬಗೆಹರಿಸಬೇಕು. ಜಾನ್ ಮೈನ್ ಅವರ ಪ್ರಕಾರ ಮಂತ್ರವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಲೇ ಇರಬೇಕು. 1970ರ ದಶಕದಲ್ಲಿ ಅಮೆರಿಕದ ಸ್ಪೆನ್ಸರ್ ಮಠದಲ್ಲಿ ವಿಲಿಯಂ ಮೆನಿಂಗರ್, ಬೇಸಿಲ್ ಪೆನ್ನಿಂಗ್ಟನ್, ಥಾಮಸ್ ಕೀಟಿಂಗ್ ಎಂಬ ಸನ್ಯಾಸಿಗಳು ರೂಪಿಸಿದ ಕೇಂದ್ರೀಕರಣ ಪ್ರಾರ್ಥನೆಯಲ್ಲಿ, ಯೋಚನೆಯೊಂದು ಎಳೆದುಕೊಂಡು ಹೋದದ್ದು ಗೊತ್ತಾದಾಗ ಮಾತ್ರ ಪವಿತ್ರ ಪದಕ್ಕೆ ಮರಳುತ್ತಾರೆ. ಉಳಿದ ಹೊತ್ತು ಪದವಿಲ್ಲದ ಮೌನ. ಎರಡೂ ಒಳ್ಳೆಯ ದಾರಿಗಳೇ. ಎರಡನ್ನೂ ಬೆರೆಸಿದರೆ ಮಾತ್ರ ಈಗ ಹೇಳಬೇಕೋ ಬಿಡಬೇಕೋ ಎಂಬ ಲೆಕ್ಕದಲ್ಲೇ ಹೊತ್ತು ಕಳೆಯುತ್ತದೆ. ಹೊಸಬರಿಗೆ ನಾನು ಮೈನ್ ಅವರ ದಾರಿಯನ್ನೇ ಹೇಳುತ್ತೇನೆ. ಮಾಡಲು ಒಂದು ಕೆಲಸವಿರುತ್ತದೆ.

ಮನಸ್ಸು ಓಡಿದಾಗ

ಓಡಿಯೇ ಓಡುತ್ತದೆ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಹರಪನಹಳ್ಳಿ, ಜಗಳೂರು, ಚನ್ನಗಿರಿ ಎಂದು ಕಂಡಕ್ಟರುಗಳು ಕೂಗುತ್ತಿರುತ್ತಾರೆ. ನೀವು ಹೊಳಲ್ಕೆರೆಗೆ ಹೋಗಬೇಕಾದವರು. ಉಳಿದ ಬಸ್ಸುಗಳೊಂದಿಗೆ ಜಗಳವಾಡುವುದಿಲ್ಲ, ಹತ್ತುವುದೂ ಇಲ್ಲ. ಯೋಚನೆಗಳ ವಿಷಯದಲ್ಲೂ ಅಷ್ಟೇ. ಹತ್ತಿಬಿಟ್ಟಿದ್ದೇನೆ ಎಂದು ಗೊತ್ತಾದ ಕ್ಷಣ, ಸಿಟ್ಟಾಗದೆ, ಇಳಿದು ಮಂತ್ರಕ್ಕೆ ಬನ್ನಿ. ಒಂದು ಕೂರುವಿಕೆಯಲ್ಲಿ ನೂರು ಸಲ ಹೀಗಾದರೆ ನೂರು ಸಲ ದೇವರ ಕಡೆಗೆ ತಿರುಗಿದಂತಾಯಿತು.

ಓಟಕ್ಕಿಂತ ದೊಡ್ಡ ತೊಂದರೆ ಬೇಸರ. ನಾಲ್ಕನೆಯ ಶತಮಾನದ ಮರುಭೂಮಿಯ ಗುರು ಎವಾಗ್ರಿಯಸ್ ಇದನ್ನು 91ನೆಯ ಕೀರ್ತನೆಯ ಮಾತು ಹಿಡಿದು ಮಧ್ಯಾಹ್ನದ ಭೂತ ಎಂದು ಕರೆದ. ಆ ಭೂತ ಬಂದಾಗ ಸೂರ್ಯ ಕದಲುವುದೇ ಇಲ್ಲವೆನಿಸುತ್ತದೆ, ಸನ್ಯಾಸಿ ಕಿಟಕಿಯಿಂದ ಇಣುಕಿ ಊಟದ ಹೊತ್ತು ಎಷ್ಟು ದೂರವಿದೆ ಎಂದು ನೋಡುತ್ತಾನೆ, ಈ ಜಾಗವೇ ಸರಿಯಿಲ್ಲ, ಬೇರೆಡೆಗೆ ಹೋದರೆ ದೇವರು ಸಿಗಬಹುದು ಎಂದು ತರ್ಕಿಸುತ್ತಾನೆ. ಮೇ ತಿಂಗಳ ಮಧ್ಯಾಹ್ನ ಚಿತ್ರದುರ್ಗದಲ್ಲಿ ಕರೆಂಟ್ ಹೋದಾಗ ಮನೆಯಲ್ಲಿ ಕುಳಿತವರಿಗೆ ಆ ಸನ್ಯಾಸಿಯ ಅವಸ್ಥೆ ಚೆನ್ನಾಗಿ ಅರ್ಥವಾಗುತ್ತದೆ. ಎವಾಗ್ರಿಯಸ್ ಕೊಟ್ಟ ಮದ್ದು ಸರಳ: ಎದ್ದು ಹೋಗಬೇಡ. ಅಲಾರಂ ಹೊಡೆಯುವವರೆಗೆ ಕುಳಿತಿರಿ. ಏನೂ ಅನಿಸದ ದಿನವೂ ಲೆಕ್ಕಕ್ಕೆ ಬರುತ್ತದೆ.

ಬೆಳಕು ಕಾಣುವುದು, ದನಿ ಕೇಳುವುದು, ಮೈ ಹಗುರಾಗುವುದು ಆದರೆ ಅದಕ್ಕೂ ಇದೇ ನಿಯಮ. ಗಮನ ಕೊಡದೆ ಮಂತ್ರ ಮುಂದುವರಿಸಿ. ಕಣ್ಣೀರು ಬಂದರೆ ಬರಲಿ. ನಿದ್ದೆ ಪದೇ ಪದೇ ಬರುತ್ತಿದ್ದರೆ ಅದು ಆಧ್ಯಾತ್ಮಿಕ ಸಮಸ್ಯೆಯಾಗಿರಬೇಕಿಲ್ಲ. ರಾತ್ರಿ ಬೇಗ ಮಲಗಿ. ಅಭ್ಯಾಸ ಫಲಿಸುತ್ತಿದೆಯೇ ಎಂದು ತಿಳಿಯಬೇಕಾದರೆ ಕುಳಿತ ಹೊತ್ತನ್ನು ಅಳೆಯಬೇಡಿ. ಸೊಸೆಯೊಡನೆ, ಕೆಲಸದವಳೊಡನೆ, ಮಾರುಕಟ್ಟೆಯಲ್ಲಿ ತೂಕದ ವಿಷಯಕ್ಕೆ ಹೇಗೆ ಮಾತನಾಡುತ್ತೀರಿ ಎಂದು ಮನೆಯವರನ್ನೇ ಕೇಳಿ. ಗಲಾತ್ಯದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಪವಿತ್ರಾತ್ಮನ ಫಲಗಳ ಪಟ್ಟಿಯೂ ಇದೆ.

ಎದ್ದ ಮೇಲೆ

ಕುಳಿತು ಹೇಳಿದ ಮಾತು ಕೆಲವು ತಿಂಗಳಲ್ಲಿ ಕೆಲಸದ ನಡುವೆಯೂ ಕಾಣಿಸಿಕೊಳ್ಳತೊಡಗುತ್ತದೆ. ಅದಕ್ಕೆ ಅವಕಾಶ ಮಾಡಿಕೊಡಿ. ಹರಿಹರದ ಬಸ್ಸಿನಲ್ಲಿ ಮೊಬೈಲ್ ಹೊರತೆಗೆಯುವ ಮೊದಲು ಸ್ವಲ್ಪ ದೂರ, ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುವಾಗ ಹೆಜ್ಜೆಗೊಂದು ಅಕ್ಷರದಂತೆ, ಹಿಟ್ಟಿನ ಗಿರಣಿಯಲ್ಲಿ ಸರದಿ ಕಾಯುವಾಗ. ಗಾಡಿ ಓಡಿಸುವಾಗ ಕಣ್ಣು, ಗಮನ ರಸ್ತೆಯ ಮೇಲೆಯೇ ಇರಲಿ.

ಚಿಕ್ಕ ಮಂತ್ರದ ಬೆಲೆ ಆಸ್ಪತ್ರೆಯಲ್ಲಿ ಗೊತ್ತಾಗುತ್ತದೆ. ಸುತ್ತಲಿನ ತಾಲ್ಲೂಕುಗಳಿಂದ ರೋಗಿಗಳು ಬರುವ ಊರು ಇದು. ಐಸಿಯು ಹೊರಗೆ ರಾತ್ರಿ ಕಾದವರು ಬಹಳ. ಆ ಹೊತ್ತಿನಲ್ಲಿ ಉದ್ದದ ಪ್ರಾರ್ಥನೆ ಅರ್ಧಕ್ಕೇ ಕಳಚಿಹೋಗುತ್ತದೆ, ಜಪಸರದ ರಹಸ್ಯಗಳು (ಜಪಿಸುತ್ತಾ ನೆನೆಯುವ ಯೇಸು–ಮರಿಯರ ಬದುಕಿನ ಘಟನೆಗಳು) ಅದಲುಬದಲಾಗುತ್ತವೆ. ವರ್ಷಗಟ್ಟಲೆ ಹೇಳಿದ ಎರಡು ಪದ ಮಾತ್ರ ಉಳಿದಿರುತ್ತದೆ. ರೋಗಿಯ ಮಂತ್ರ ಯಾವುದೆಂದು ಮನೆಯವರಿಗೆ ಗೊತ್ತಿದ್ದರೆ ಕಿವಿಯ ಬಳಿ ಅದನ್ನೇ ಹೇಳಬಹುದು. ಆದ್ದರಿಂದ ನಿಮ್ಮ ಮಂತ್ರವನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ.

ಯಾರು ಎಚ್ಚರ ವಹಿಸಬೇಕು

ತೀವ್ರ ಖಿನ್ನತೆ, ಭ್ರಮೆ, ಇತ್ತೀಚಿನ ದೊಡ್ಡ ಆಘಾತ ಇರುವವರಿಗೆ ದೀರ್ಘ ಮೌನ ಕೆಲವೊಮ್ಮೆ ಭಾರವಾಗುತ್ತದೆ. ಅಂಥವರು ಒಂಟಿಯಾಗಿ ಕೂರುವ ಬದಲು ಬೇರೆಯವರೊಡನೆ ಗಟ್ಟಿಯಾಗಿ ಪ್ರಾರ್ಥಿಸಲಿ, ಮನೋವೈದ್ಯರನ್ನು ಕಾಣಲಿ. ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ. ಧ್ಯಾನ ಆರಂಭಿಸಿದೆನೆಂದು ಮಾತ್ರೆ ನಿಲ್ಲಿಸಬೇಡಿ, ನಿಲ್ಲಿಸು ಎಂದು ಹೇಳುವ ಭಕ್ತರ ಮಾತು ಕೇಳಬೇಡಿ. ಬಲಿಪೂಜೆ, ಆರಾಧನೆ, ಬೈಬಲ್ ಓದು ಇವಕ್ಕೆ ಬದಲಾಗಿಯೂ ಇದನ್ನು ಇಟ್ಟುಕೊಳ್ಳಬಾರದು.

ಜೊತೆ ಸಿಕ್ಕರೆ

ಒಬ್ಬರೇ ಮಾಡುವವರು ಬಿಟ್ಟುಬಿಡುವುದು ಸುಲಭ. ಮೂರ್ನಾಲ್ಕು ಮಂದಿ ವಾರಕ್ಕೊಮ್ಮೆ ಒಂದು ಮನೆಯಲ್ಲಿ ಸೇರಿ. ಒಬ್ಬರು ವಚನ ಓದಲಿ, 20 ನಿಮಿಷ ಎಲ್ಲರೂ ತಮ್ಮ ತಮ್ಮ ಮಂತ್ರ ಹಿಡಿದು ಮೌನವಾಗಿ ಕೂರಲಿ, ಯೇಸು ಕಲಿಸಿದ ಪರಲೋಕ ಮಂತ್ರ ಹೇಳಿ ಮುಗಿಸಿ. ಮಂತ್ರ ಬೇರೆ ಬೇರೆಯಾಗಿದ್ದರೆ ತೊಂದರೆಯಿಲ್ಲ; ಕಥೋಲಿಕರು, ಪ್ರೊಟೆಸ್ಟೆಂಟರಾದ ಸಿಎಸ್ಐ (ದಕ್ಷಿಣ ಭಾರತ ಸಭೆ)ಯವರು ಒಟ್ಟಿಗೆ ಕುಳಿತರೂ ಮೌನದಲ್ಲಿ ವಾದ ಹುಟ್ಟುವುದಿಲ್ಲ. ಮುಗಿದ ಮೇಲೆ ಅನುಭವ ಹಂಚಿಕೆ ಬೇಡ. ಹಂಚಿಕೊಳ್ಳಲು ಕುಳಿತರೆ ಮುಂದಿನ ವಾರ ಎಲ್ಲರೂ ಅನುಭವ ಹುಡುಕುತ್ತಾ ಬರುತ್ತಾರೆ. ಮಂಡಕ್ಕಿ, ಮೆಣಸಿನಕಾಯಿ, ಚಹಾ ಕೊಟ್ಟು ಕಳುಹಿಸಿಕೊಡಿ.